ಐವತ್ಮೂರು ಕೋಟು ನೀಲಿ

ಬೀದರ
೨ ಡಿಸೆಂಬರ್ ೨೦೨೫

ಆಮ್ರಪಾಲಿ ಟೀಚರ್ ಅವರಿಗೆ ಬೀದರದ ಮಡೆಪ್ಪ ಮಾಡುವ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ, ಗೊತ್ತಿರಬೇಕಾದ ಕಾರಣವೂ ಇಲ್ಲ. ಹುಟ್ಟಿದ್ದು ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಬೀದರದ ಪಕ್ಕದ ಕೊಳಾರದ ಒಂದು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ಈಗ ಮನೆಯಲ್ಲಿದ್ದೇನೆ. ಮನೆಯಲ್ಲಿದ್ದೇನೆ ಎಂದರೆ ನನ್ನ ಹೆಂಡತಿ ಅಂಜನಾಬಾಯಿ ಒಪ್ಪುವುದಿಲ್ಲ. "ನೀವು ಮನ್ಯಾಗ ಎಲ್ಲಿ ಇರ್ತೀರಿ? ಆ ಟೊಪಿಗಿ ಖೋಲ್ಯಾಗ ಇರ್ತೀರಿ" ಎನ್ನುತ್ತಾಳೆ.

ಆ ಖೋಲಿಯಲ್ಲಿ ಇಪ್ಪತ್ತೇಳು ಟೋಪಿಗಳಿವೆ. ಎಲ್ಲವೂ ಮಿಲಿಟರಿಯವರ ಹಳೆಯ ಕಬ್ಬಿಣದ ಟೋಪಿಗಳು. ಒಂದು ಕೋಳಿಗೆ ನೀರಿಡುವ ಪಾತ್ರೆಯಾಗಿತ್ತು, ಇನ್ನೊಂದರಲ್ಲಿ ಗುಲಾಮ ರಸೂಲ ಎಂಬ ಮೇಸ್ತ್ರಿ ಸುಣ್ಣ ಕಲಸುತ್ತಿದ್ದ. ಈ ಹುಚ್ಚು ಎಲ್ಲಿಂದ ಬಂತು ಎಂದರೆ, ನಾನು ಚಿಕ್ಕವನಿದ್ದಾಗ ನಮ್ಮ ಹಟ್ಟಿಯಲ್ಲಿ ಅಂಥದ್ದೊಂದು ಟೋಪಿ ಇತ್ತು. ತಾಯಿ ಸತ್ತ ಮರಿಗಳಿಗೆ ನಮ್ಮಜ್ಜಿ ಅದರಲ್ಲಿ ಹಾಲು ಕುಡಿಸುತ್ತಿದ್ದಳು. ಮರಿಯ ಮೂಗು ಕಬ್ಬಿಣಕ್ಕೆ ತಾಗಿ ಟಣ್ ಎನ್ನುವ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಒಂದು ದಿನ ಪಾತ್ರೆ ಮಾರುವವನು ಬಂದಾಗ ನಮ್ಮವ್ವ ಅದನ್ನು ಕೊಟ್ಟು ಒಂದು ಅಲ್ಯೂಮಿನಿಯಂ ಡಬರಿ ತೆಗೆದುಕೊಂಡಳು. ನಾನು ಎರಡು ದಿನ ಉಣ್ಣಲಿಲ್ಲ. ಡಬರಿ ಮೂರೇ ವರ್ಷಕ್ಕೆ ತೂತಾಯಿತು.

ನಮ್ಮ ಓಣಿಯ ಸಿದ್ದೇಶ್ವರ ಭಾಲ್ಕಿ ಬಸ್ಸಿನ ಕಂಡಕ್ಟರ್. ನಿಮ್ಮ ಮನೆಯಲ್ಲಿ ಅಗಲ ಅಂಚಿನ ಟೋಪಿ ಕಂಡೆ ಎಂದು ಹೇಳಿದ. ಅದನ್ನು ನನಗೆ ಕೊಡುವಿರಾ? ಕೊಡುವುದಾದರೆ ಅದರ ಹಿಂದಿನ ಕಥೆಯನ್ನು ನಿಮ್ಮ ಕೈಯಾರೆ ಬರೆದು ಅಂಚೆಗೆ ಹಾಕಿ. ಪತ್ರವಿಲ್ಲದ ಟೋಪಿ ನನ್ನ ಖೋಲಿಗೆ ಬರುವುದಿಲ್ಲ. ಫೋನ್ ಮಾಡಬೇಡಿ. ಕಾರ್ಖಾನೆಯ ಕಂಪ್ರೆಸರ್ ನನ್ನ ಕಿವಿ ಎರಡನ್ನೂ ತಿಂದಿದೆ.

ನಿಮ್ಮ
ಮಡೆಪ್ಪ


ಭಾಲ್ಕಿ
೧೯ ಡಿಸೆಂಬರ್ ೨೦೨೫

ಮಡೆಪ್ಪನವರಿಗೆ ಜೈಭೀಮ್.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಟೋಪಿ ಕೊಡುವುದಕ್ಕಿಲ್ಲ. ಅದು ನಮ್ಮಪ್ಪ ಮಚ್ಛೇಂದ್ರ ಅವರದು. ಎಪ್ಪತ್ತೊಂದರ ಯುದ್ಧದಲ್ಲಿದ್ದರು. ಮುಂದೆ ಸೈನ್ಯ ಬಿಟ್ಟು ಇಲ್ಲಿಯೇ ಸಕ್ಕರೆ ಕಾರ್ಖಾನೆಯಲ್ಲಿ ಕಾವಲಿಗಿದ್ದರು. ತೀರಿಕೊಂಡು ನಾಲ್ಕು ವರ್ಷವಾಯಿತು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆಯಲ್ಲಿ ನಾನು ಮತ್ತು ಅವ್ವ ಶೇವಂತಾಬಾಯಿ. ತಮ್ಮ ಉತ್ತಮ ಹೆಂಡತಿ ಮಗಳೊಂದಿಗೆ ಎರಡು ಓಣಿ ಆಚೆ ಇದ್ದಾನೆ.

ಟೋಪಿ ಬಾಬಾಸಾಹೇಬರ ಫೋಟೊ ಕೆಳಗಿನ ಹಲಗೆಯ ಮೇಲಿರುತ್ತದೆ. ಅದಕ್ಕೆ ನೀಲಿ ಬಣ್ಣವಿದೆ. ಏಕೆ ನೀಲಿ ಎಂದು ನೀವು ಕೇಳಬಹುದು. ಅದು ನಮ್ಮ ಮನೆಯ ಮಾತು, ಗುರುತಿಲ್ಲದವರಿಗೆ ಬರೆಯುವಂಥದ್ದಲ್ಲ.

ಆದರೂ ನಿಮ್ಮ ಪತ್ರಕ್ಕೆ ಉತ್ತರ ಬರೆಯುತ್ತಿರುವುದಕ್ಕೆ ಕಾರಣವಿದೆ. ಟೋಪಿಯ ಅಂಚಿಗೆ ತುಕ್ಕು ಹತ್ತಿದೆ. ಅವ್ವನ ಕಣ್ಣು ಮಂಜಾಗಿವೆ, ಆದರೂ ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಾಳೆ. ಅವಳ ಸೆರಗಿಗೆ ಕೆಂಪು ಪುಡಿ ಹತ್ತುತ್ತದೆ. "ನಿಮ್ಮಪ್ಪ ಸವದು ಹೊಂಟಾನ ನೋಡು" ಎನ್ನುತ್ತಾಳೆ. ಈ ಮಾತು ನನಗೆ ಕೇಳಲಾಗುವುದಿಲ್ಲ. ತುಕ್ಕು ನಿಲ್ಲಿಸುವ ವಿದ್ಯೆ ನಿಮಗೆ ಗೊತ್ತಿದ್ದರೆ ಮಾಡಿಕೊಡಿ. ಏಪ್ರಿಲ್ ಹದಿನಾಲ್ಕರ ಜಯಂತಿಗೆ ಮೊದಲು ಟೋಪಿ ಹಲಗೆಯ ಮೇಲಿರಬೇಕು. ಅದೊಂದು ತಪ್ಪಬಾರದು.

ಆಮ್ರಪಾಲಿ


ಬೀದರ
೧೧ ಜನವರಿ ೨೦೨೬

ಟೀಚರ್ ಅವರಿಗೆ,

ಸಿದ್ದೇಶ್ವರ ಟೋಪಿಯನ್ನು ತನ್ನ ಟಿಕೆಟ್ ಚೀಲದ ಜೊತೆ ತೊಡೆಯ ಮೇಲಿಟ್ಟುಕೊಂಡೇ ತಂದ. ನಿಮ್ಮ ತಾಯಿಯವರು ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮೇಲೆ ಗಂಟು ಹಾಕಿದ್ದರಂತೆ. ಗಂಟು ಬಿಚ್ಚಲು ನನಗೆ ಕಾಲು ಗಂಟೆ ಹಿಡಿಯಿತು.

ಇದು ಅಪ್ಪಟ ಮಾಲು, ಟೀಚರ್. ಅಗಲ ಅಂಚು, ಒಳಗಿನ ಚರ್ಮದ ಪಟ್ಟಿ ಕೂಡ ಉಳಿದಿದೆ. ಆ ಚರ್ಮವನ್ನು ನಾನು ಮುಟ್ಟುವುದಿಲ್ಲ. ಹಣೆಯ ಬೆವರು ಕುಡಿದ ಚರ್ಮ ಅದು, ತೊಳೆದರೆ ಮನುಷ್ಯನನ್ನೇ ತೊಳೆದಂತೆ. ಇದು ನನ್ನ ಖೋಲಿಯ ಮೊದಲ ಕಾನೂನು.

ಆದರೆ ಆ ನೀಲಿ! ಮೂವತ್ತೊಂದು ವರ್ಷ ಬಣ್ಣದ ಕೆಲಸ ಮಾಡಿದವನ ಹೊಟ್ಟೆ ಉರಿಯಿತು. ಉಜ್ಜದೆ, ಪ್ರೈಮರ್ ಹಾಕದೆ, ಒಂದರ ಮೇಲೊಂದು ಬಳಿದಿದ್ದಾರೆ. ರೊಟ್ಟಿಯಷ್ಟು ದಪ್ಪವಾಗಿದೆ. ನಮ್ಮ ಸೂಪರ್‌ವೈಸರ್ ನೋಡಿದ್ದರೆ ಬಳಿದವನ ಹಾಜರಿ ಕತ್ತರಿಸುತ್ತಿದ್ದ. ತುಕ್ಕು ಇರುವುದು ಅಂಚಿನಲ್ಲಲ್ಲ, ಬಣ್ಣದ ಕೆಳಗೆ ಹರಿದಾಡುತ್ತಿದೆ. ನೀವೇನೂ ಚಿಂತೆ ಮಾಡಬೇಡಿ. ಯಾವ ಕೆಲಸಕ್ಕೆ ಯಾವ ಕೈ ಎಂದು ದೇವರು ಮೊದಲೇ ಬರೆದಿರುತ್ತಾನೆ.

ಮಡೆಪ್ಪ


ಬೀದರ
೨೪ ಜನವರಿ ೨೦೨೬

ಟೀಚರ್ ಅವರಿಗೆ,

ಗೆದ್ದೆ! ಹತ್ತು ದಿನದ ಕೆಲಸ. ರಿಮೂವರ್ ಹಚ್ಚುವುದು, ಬಣ್ಣ ಉಬ್ಬಿದ ಮೇಲೆ ಬಿದಿರಿನ ಚಕ್ಕೆಯಿಂದ ಎಬ್ಬಿಸುವುದು, ಮತ್ತೆ ಹಚ್ಚುವುದು. ಲೋಹ ತಾಗಿಸಲಿಲ್ಲ. ಸೈನ್ಯದ ಬಣ್ಣ ಭಟ್ಟಿಯಲ್ಲಿ ಬೇಯಿಸಿದ್ದು, ಅದು ಸುಲಭಕ್ಕೆ ಬಿಡುವುದಿಲ್ಲ. ಆ ಹೊಲಸು ನೀಲಿಯೆಲ್ಲ ಹೋಗಿ, ಕೆಳಗಿನ ಹಸಿರು ಹಾಗೆಯೇ ಮೇಲೆ ಬಂದಿದೆ. ತುಕ್ಕು ಕೆರೆದು ಮೇಣ ಹಚ್ಚಿದ್ದೇನೆ. ಇನ್ನು ನೂರು ವರ್ಷ ಚಿಂತೆಯಿಲ್ಲ. ನಿಮ್ಮ ತಂದೆ ತಲೆಯ ಮೇಲೆ ಇಟ್ಟುಕೊಂಡಾಗ ಹೇಗಿತ್ತೋ ಹಾಗೆಯೇ ಇದೆ.

ಒಂದು ಮಾತು ಕೇಳಬೇಕೆಂದಿದ್ದೆ. ಇರಲಿ ಬಿಡಿ.

ಮಡೆಪ್ಪ


ಭಾಲ್ಕಿ
೩೧ ಜನವರಿ ೨೦೨೬

ಮಾನ್ಯರೆ,

ನಿಮ್ಮ ಪತ್ರವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಓದಿದೆ. ಮುಂದಿನ ಪಿರಿಯಡ್ ತೆಗೆದುಕೊಳ್ಳಲು ಆಗಲಿಲ್ಲ.

ತುಕ್ಕು ನಿಲ್ಲಿಸಿ ಎಂದು ಕೇಳಿದ್ದೆ. ನೀಲಿ ತೆಗೆಯಿರಿ ಎಂದು ಯಾರು ಹೇಳಿದರು? ಗುರುತಿಲ್ಲದವರಿಗೆ ಬರೆಯುವುದಿಲ್ಲ ಎಂದಿದ್ದೆನಲ್ಲ, ಈಗ ಬರೆಯುತ್ತೇನೆ, ಓದಿ. ಪ್ರತಿ ಏಪ್ರಿಲ್ ಹದಿಮೂರರ ಸಂಜೆ ನಮ್ಮಪ್ಪ ನೀಲಿ ಡಬ್ಬಿ ತರುತ್ತಿದ್ದರು. ಗೇಟಿಗೆ, ಕಿಟಕಿಯ ಸರಳಿಗೆ ಹಚ್ಚಿ, ಕೊನೆಗೆ ಟೋಪಿಗೆ ಒಂದು ಕೋಟು ಹಚ್ಚುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಇದು ನಡೆದು ಬಂದಿದೆ. ನಾನು ಹತ್ತನೆಯ ತರಗತಿ ಪಾಸಾದ ವರ್ಷದ ಕೋಟು ಅದರಲ್ಲಿತ್ತು. ನನಗೆ ನೌಕರಿ ಸಿಕ್ಕ ವರ್ಷದ್ದಿತ್ತು. ಅಪ್ಪ ಕೊನೆಯ ಸಲ ಹಚ್ಚಿದ ಕೋಟಿತ್ತು. ಅವರು ಹೋದ ಮೇಲೆ ಅವ್ವ, ಕಣ್ಣು ಕಾಣದಿದ್ದರೂ, ಬೆರಳಿನಿಂದ ತಡವಿ ತಡವಿ ಹಚ್ಚಿದ ನಾಲ್ಕು ಕೋಟುಗಳಿದ್ದವು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಮಕ್ಕಳಿಗೆ ಎಷ್ಟು ಸಲ ಅರ್ಥ ಹೇಳಿದ್ದೇನೋ. ನನಗೆ ಅರ್ಥವಾದದ್ದು ಇವತ್ತು. ಚರ್ಮ ತೊಳೆದರೆ ಮನುಷ್ಯನನ್ನು ತೊಳೆದಂತೆ ಎಂದವರು ನೀವೇ. ನೀವು ಹೊಲಸು ಎಂದು ಕೆರೆದದ್ದು ನಮ್ಮಪ್ಪನ ಕೈಕೆಲಸ.

ಅವ್ವನಿಗೆ ನಾನು ಏನು ಹೇಳಲಿ? ಬರೆಯಿರಿ. ನಿಮಗೆ ಎಲ್ಲವೂ ಗೊತ್ತಲ್ಲ.

ಆಮ್ರಪಾಲಿ


ಬೀದರ
೧೫ ಫೆಬ್ರುವರಿ ೨೦೨೬

ಟೀಚರ್ ಅವರಿಗೆ,

ನಿಮ್ಮ ಪತ್ರ ಓದಿ ನಾಲ್ಕು ದಿನ ಖೋಲಿಯ ಬಾಗಿಲು ತೆಗೆಯಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ತಪ್ಪಾಯಿತು. ಇನ್ನೂ ದೊಡ್ಡ ಮಾತು ನನಗೆ ಗೊತ್ತಿದ್ದರೆ ಅದನ್ನೇ ಬರೆಯುತ್ತಿದ್ದೆ.

ಐದನೆಯ ದಿನ ಕಸದ ಬುಟ್ಟಿ ತಡಕಿದೆ. ಪುಣ್ಯಕ್ಕೆ ಅಂಜನಾಬಾಯಿ ಇನ್ನೂ ಚೆಲ್ಲಿರಲಿಲ್ಲ. ಬೆರಳಿನ ಉಗುರಿನಷ್ಟು ಒಂದು ಗಟ್ಟಿ ಚಕ್ಕೆ ಸಿಕ್ಕಿತು. ಎಷ್ಟು ಕೋಟು ಬಿದ್ದಿದೆ ಎಂದು ತಿಳಿಯಲು ನಮ್ಮ ವಿಭಾಗದಲ್ಲಿ ಚಕ್ಕೆಯನ್ನು ಓರೆಯಾಗಿ ಉಜ್ಜುತ್ತೇವೆ. ಆಗ ಒಂದೊಂದು ಕೋಟೂ ಒಂದೊಂದು ಗೆರೆಯಾಗಿ ಕಾಣುತ್ತದೆ. ಉಜ್ಜಿ, ಭೂತಗನ್ನಡಿ ಹಿಡಿದು ಎಣಿಸಿದೆ. ಮೂರು ಸಲ ಎಣಿಸಿದೆ. ಐವತ್ಮೂರು. ಒಂದು ವರ್ಷ ಆಕಾಶದ ನೀಲಿ, ಮರುವರ್ಷ ಮಸಿಯ ನೀಲಿ, ಅಂಗಡಿಯಲ್ಲಿ ಸಿಕ್ಕಿದ್ದು ತಂದಿದ್ದಾರೆ ಎಂದು ತಿಳಿಯುತ್ತದೆ. ಒಂದು ಗೆರೆಯಲ್ಲಿ ಬ್ರಷ್ಷಿನ ಕೂದಲೊಂದು ಸಿಕ್ಕಿಕೊಂಡಿದೆ. ಐವತ್ಮೂರು ವರ್ಷ ಒಂದೂ ತಪ್ಪಿಸಿಲ್ಲ, ಟೀಚರ್. ನಾನು ಕಾರ್ಖಾನೆಗೂ ಅಷ್ಟು ನಿಯತ್ತಾಗಿ ಹೋಗಿಲ್ಲ.

ಆ ಚಕ್ಕೆಯನ್ನು ಈ ಪತ್ರದೊಳಗೆ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಟೋಪಿ ಮಾತ್ರ ಇನ್ನೂ ಕೆಲವು ದಿನ ನನ್ನಲ್ಲಿರಲಿ. ಸ್ವಲ್ಪ ಕೆಲಸ ಬಾಕಿಯಿದೆ.

ಮಡೆಪ್ಪ


ಭಾಲ್ಕಿ
೪ ಮಾರ್ಚ್ ೨೦೨೬

ಮಾನ್ಯರೆ,

ಚಕ್ಕೆ ತಲುಪಿತು. ಭೂತಗನ್ನಡಿ ನಮ್ಮ ಶಾಲೆಯ ಲ್ಯಾಬಿನಲ್ಲಿಯೂ ಇದೆ. ನೋಡಿದೆ.

ಸಿದ್ದೇಶ್ವರ ಅವರು ಎರಡು ಸಲ ನಿಮ್ಮ ಮನೆಗೆ ಬಂದು ಬರಿಗೈಯಲ್ಲಿ ಮರಳಿದರಂತೆ. ಒಮ್ಮೆ "ಮೇಣ ಆರಿಲ್ಲ" ಎಂದಿರಿ, ಇನ್ನೊಮ್ಮೆ ಮನೆಯಲ್ಲಿದ್ದೂ ಇಲ್ಲ ಎನ್ನಿಸಿದಿರಿ. ಯಾವ ಮೇಣ ಆರಲು ಒಂದು ತಿಂಗಳು ಬೇಕು? ನಾನು ಕನ್ನಡ ಕಲಿಸುವವಳಾದರೂ ಅಷ್ಟು ವಿಜ್ಞಾನ ಗೊತ್ತಿದೆ.

ಈ ಮಾತು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ನಿಮ್ಮ ಖೋಲಿಯಲ್ಲಿ ಇಪ್ಪತ್ತೆಂಟನೆಯದಕ್ಕೆ ಜಾಗ ಮಾಡಿದ್ದೀರಾ? ಅವ್ವ ಬೆಳಿಗ್ಗೆ ಎದ್ದು ಬರಿ ಹಲಗೆ ಒರೆಸುತ್ತಿದ್ದಾಳೆ. "ಯಾವಾಗ ಬರ್ತಾನ?" ಎಂದು ಕೇಳುತ್ತಾಳೆ. ಬರುತ್ತದೆ ಎಂದು ನಾನು ತಿದ್ದುವುದಿಲ್ಲ.

ಆಮ್ರಪಾಲಿ


ಬೀದರ
೧೦ ಮಾರ್ಚ್ ೨೦೨೬

ಟೀಚರ್ ಅವರಿಗೆ,

ನನ್ನನ್ನು ಕಳ್ಳ ಎಂದಿರಿ. ನಾನು ಕಳ್ಳನಲ್ಲ, ಹೇಡಿ. ಜನವರಿಯಲ್ಲಿಯೇ ಹೇಳಬೇಕಾಗಿದ್ದ ಮಾತನ್ನು ನುಂಗಿಕೊಂಡು ಕುಳಿತೆ.

ನೀಲಿಯೆಲ್ಲ ಹೋದ ಮೇಲೆ, ಟೋಪಿಯ ಮುಂಭಾಗದಲ್ಲಿ, ಹಣೆಯ ಮೇಲೆ ಬರುವ ಕಡೆ, ಒಂದು ಹೆಸರು ಕಂಡಿತು. ಚೂಪಾದ ಯಾವುದರಿಂದಲೋ ಗೀರಿ ಗೀರಿ ಆಳಕ್ಕೆ ಇಳಿಸಿದ್ದಾರೆ. ಕನ್ನಡದಲ್ಲಿ ಎರಡೇ ಅಕ್ಷರ: ಮಾಯಾ.

ನಿಮ್ಮ ತಾಯಿಯ ಹೆಸರು ಶೇವಂತಾಬಾಯಿ. ನಿಮ್ಮದು ಆಮ್ರಪಾಲಿ. ನನ್ನ ತಲೆ ಎಲ್ಲೆಲ್ಲಿಗೋ ಹೋಯಿತು. ಮಿಲಿಟರಿಯವರು ದೂರದೂರಿಗೆ ಹೋಗುತ್ತಾರೆ, ವಯಸ್ಸಿನ ಗಂಡಸು, ಯಾರೋ ಇದ್ದಿರಬಹುದು ಎಂದುಕೊಂಡೆ. ಗಂಡ ಸತ್ತ ಮುದುಕಿಯ ಕೈಗೆ ಇನ್ನೊಬ್ಬಳ ಹೆಸರಿರುವ ಟೋಪಿ ಹೇಗೆ ಕೊಡಲಿ? ಬಣ್ಣ ಬಳಿದದ್ದೇ ಇದನ್ನು ಮುಚ್ಚಲಿಕ್ಕೆ ಎಂದು ತಿಳಿದೆ. ಮುಚ್ಚಿದ್ದನ್ನು ತೆಗೆದವನು ನಾನು.

ನಿನ್ನೆ ಅಂಜನಾಬಾಯಿಗೆ ಹೇಳಿದೆ. ಅವಳು ಬೇಳೆ ಆರಿಸುತ್ತಿದ್ದಳು, ಮೊರ ಕೆಳಗಿಟ್ಟಳು. "ಹೆಣ್ಣಿನ ಹೆಸರು ಅಂದ್ರ ನಿಮ್ಮ ತಲಿಯಾಗ ಅದೇ ಯಾಕ ಬರಬೇಕರಿ? ಅವ್ವ ಇರಬಹುದು, ಅಕ್ಕ ಇರಬಹುದು. ಸತ್ತವರ ಮ್ಯಾಲ ಎಂಥಾ ಮಾತ್ರಿ ಇದು? ಮೊದಲ ಆ ಹುಡುಗಿಗಿ ಪತ್ರ ಬರೀರಿ" ಎಂದಳು. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ನನ್ನ ಒಂದು ಟೋಪಿಯ ಕಥೆಗೆ ಬಾಯಿ ಹಾಕಿದ್ದು ಇದೇ ಮೊದಲು.

ನಿಮ್ಮ ಬಳಗದಲ್ಲಿ ಮಾಯಾ ಯಾರು? ಗೊತ್ತಿದ್ದರೆ ನನ್ನ ಪಾಪ ಕಳೆಯಿತು. ಗೊತ್ತಿಲ್ಲದಿದ್ದರೆ ನೀವು ಹೇಳಿದಂತೆ ಮಾಡುತ್ತೇನೆ. ಹಾಗೆಯೇ ಕಳಿಸು ಎಂದರೆ ಹಾಗೆಯೇ. ಮುಚ್ಚು ಎಂದರೆ, ಗೀರಿಗೆ ಪುಟ್ಟಿ ತುಂಬಿ, ಉಜ್ಜಿ, ನೀಲಿ ಹಚ್ಚಿ ಕಳಿಸುತ್ತೇನೆ. ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಮಡೆಪ್ಪ


ಭಾಲ್ಕಿ
೨೨ ಮಾರ್ಚ್ ೨೦೨೬

ಮಡೆಪ್ಪ ಅವರಿಗೆ,

ನಿಮ್ಮನ್ನು ಕಳ್ಳ ಎಂದುಕೊಂಡದ್ದಕ್ಕೆ ಕ್ಷಮೆ ಇರಲಿ.

ಮಾಯಾ ಯಾರು ಎಂದು ನನಗೆ ಗೊತ್ತಿಲ್ಲ. ಒಂದು ವಾರದಿಂದ ಇದೊಂದೇ ಯೋಚನೆ. ಬುದ್ಧನ ತಾಯಿಯ ಹೆಸರು, ನಮ್ಮ ಜನರಲ್ಲಿ ಮನೆಗೊಬ್ಬಳಿರುತ್ತಾಳೆ. ನಮ್ಮ ಓಣಿಯಲ್ಲಿಯೇ ಮೂವರಿದ್ದಾರೆ. ನಮ್ಮ ಮನೆತನದಲ್ಲಿ ಮಾತ್ರ ಒಬ್ಬಳೂ ಇಲ್ಲ. ಉತ್ತಮನಿಗೆ ಮಗಳು ಹುಟ್ಟಿದಾಗ ಅವನ ಹೆಂಡತಿ ಈ ಹೆಸರಿಡೋಣ ಎಂದಳು. ಅಪ್ಪ ಉಣ್ಣುತ್ತಿದ್ದವರು ತಾಟು ಬಿಟ್ಟು ಎದ್ದು ಹೊರಗೆ ಹೋದರು. ಯಾಕೆಂದು ಆಗ ತಿಳಿಯಲಿಲ್ಲ. ಟೋಪಿಗೆ ಬಣ್ಣ ಹಚ್ಚುವಾಗಲೂ ಅಷ್ಟೇ, ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. "ಹೋಗ್ರಿ, ಆಡ್ಕೋರಿ" ಎಂದು ಓಡಿಸುತ್ತಿದ್ದರು. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದದ್ದು ಅವರ ಬೆನ್ನನ್ನು ಮಾತ್ರ.

ನಿಮ್ಮ ತಲೆ ಹೋದ ಕಡೆಗೇ ನನ್ನದೂ ಹೋಯಿತು. ಅಂಜನಾಬಾಯಿ ಅವರಿಗೆ ಹೇಳಿ, ಬೈಗುಳದಲ್ಲಿ ನನಗೂ ಪಾಲಿದೆ. ಅಪ್ಪನ ಮೇಲೆ ಸಿಟ್ಟು ಬಂತು. ಸತ್ತವರ ಮೇಲಿನ ಸಿಟ್ಟನ್ನು ಎಲ್ಲಿ ಇಡುವುದು? ಅವ್ವನನ್ನು ಕೇಳಲು ಮೂರು ಸಲ ಬಾಯಿ ತೆರೆದೆ. ಅವಳಿಗೆ ಗೊತ್ತಿಲ್ಲದೆ ಇದ್ದರೆ, ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವಳ ಸಂಸಾರವನ್ನು ನಾನು ಒಡೆದಂತೆ ಆಗುತ್ತದೆ.

ಮುಚ್ಚಿಬಿಡಿ. ಪುಟ್ಟಿ ತುಂಬಿ, ನೀಲಿ ಹಚ್ಚಿ, ಏಪ್ರಿಲ್ ಎಂಟನೆಯ ತಾರೀಖಿನೊಳಗೆ ಕಳಿಸಿ. ಅವ್ವನ ಕಣ್ಣು ಮಂಜಾಗಿರುವುದೇ ಒಳ್ಳೆಯದಾಯಿತು ಎಂದು ಮೊದಲ ಸಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅತ್ತೆ.

ಆಮ್ರಪಾಲಿ


ಬೀದರ
೫ ಏಪ್ರಿಲ್ ೨೦೨೬

ತಂಗೀ,

ಟೀಚರ್ ಎಂದು ಬರೆಯಲು ಇವತ್ತು ಕೈ ಬರಲಿಲ್ಲ, ಸಿಟ್ಟಾಗಬೇಡಿ.

ನಾಳಿದ್ದು ಸಿದ್ದೇಶ್ವರನ ಕೈಯಲ್ಲಿ ಟೋಪಿ ಬರುತ್ತದೆ. ಅದಕ್ಕೆ ಮೊದಲು ಈ ಪತ್ರ ಸಿಗಲಿ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ. ನೀವು ಹೇಳಿದ್ದರಲ್ಲಿ ಅರ್ಧ ಮಾಡಿದ್ದೇನೆ, ಅರ್ಧ ಮಾಡಿಲ್ಲ.

ನೀಲಿ ಹಚ್ಚಿದ್ದೇನೆ, ಒಂದೇ ಕೋಟು. ಬಣ್ಣ ಸಿಂಪಡಿಸುವ ಗನ್ನಿನಿಂದ ಹೊಡೆಯಲಿಲ್ಲ, ನಿಮ್ಮ ತಂದೆಯಂತೆ ಬ್ರಷ್ಷಿನಲ್ಲಿಯೇ ಹಚ್ಚಿದೆ. ಪುಟ್ಟಿ ಮಾತ್ರ ತುಂಬಲಿಲ್ಲ. ಕಲಸಿಕೊಂಡು ಕುಳಿತೆ, ತಗಡಿನ ಪಟ್ಟಿಯ ಮೇಲೆ ತೆಗೆದುಕೊಂಡೆ, 'ಮಾ' ಅಕ್ಷರದ ಹತ್ತಿರ ಒಯ್ದೆ. ಕೈ ಏಳಲಿಲ್ಲ. ಕಾರ್ಖಾನೆಯಲ್ಲಿ ಸಾವಿರಾರು ಬಾಗಿಲುಗಳ ಗೀರು ಮುಚ್ಚಿದ ಕೈ ಇದು. ಯಾರೋ ಒಬ್ಬ, ಚಳಿಯಲ್ಲಿ ಎಲ್ಲೋ ಕುಳಿತು, ಅಷ್ಟು ಹೊತ್ತು ಕೆತ್ತಿದ ಹೆಸರನ್ನು ಮಣ್ಣು ಮಾಡಲು ನಾನು ಯಾರು? ಪುಟ್ಟಿ ಡಬ್ಬಿಯಲ್ಲಿಯೇ ಕಲ್ಲಾಯಿತು.

ಕಣ್ಣಿಗೆ ಹೆಸರು ಅಷ್ಟಾಗಿ ಕಾಣುವುದಿಲ್ಲ. ಬೆರಳಿಗೆ ಸಿಗುತ್ತದೆ. ನಿಮಗೆ ಬೇಡವಾದರೆ ನೀವೇ ಇನ್ನು ನಾಲ್ಕು ಕೋಟು ದಪ್ಪಗೆ ಹಚ್ಚಿಕೊಳ್ಳಿ. ಆ ಪಾಪವೋ ಪುಣ್ಯವೋ ಮನೆಯವರ ಕೈಯಿಂದಲೇ ಆಗಲಿ.

ಮಡೆಪ್ಪ


ಭಾಲ್ಕಿ
೧೬ ಏಪ್ರಿಲ್ ೨೦೨೬

ಮಡೆಪ್ಪ ಕಾಕಾ,

ಜೈಭೀಮ್. ಅಂಜನಾಬಾಯಿ ಕಾಕಿಗೂ ಹೇಳಿ.

ಟೋಪಿ ಏಳನೆಯ ತಾರೀಖು ಸಂಜೆ ಬಂತು. ಅವ್ವ ಮಲಗಿದ್ದಳು. ಸದ್ದಿಲ್ಲದೆ ಹಲಗೆಯ ಮೇಲಿಟ್ಟೆ. ಬೆಳಿಗ್ಗೆ ನಾನು ಜಳಕ ಮಾಡಿ ಬರುವಷ್ಟರಲ್ಲಿ ಅವಳು ಅದನ್ನು ಎತ್ತಿಕೊಂಡು ನಿಂತಿದ್ದಳು. "ಹಗೂರ ಆಗ್ಯದಲ್ಲ" ಎಂದಳು. ಐವತ್ಮೂರು ಕೋಟಿನ ಭಾರ ನನಗಾಗಲಿ ನಿಮಗಾಗಲಿ ನೆನಪಾಗಿರಲಿಲ್ಲ. ತುಕ್ಕೆಲ್ಲ ಹೋಯಿತಲ್ಲ, ಅದಕ್ಕೆ ಎಂದು ಸುಳ್ಳು ಹೇಳಿದೆ. ಅವಳು ಬಟ್ಟೆ ತೆಗೆದುಕೊಂಡು ಒರೆಸಲು ಶುರು ಮಾಡಿದಳು. ಮುಂಭಾಗಕ್ಕೆ ಬಂದಾಗ ಕೈ ನಿಂತಿತು. ಬಟ್ಟೆ ಕೆಳಗಿಟ್ಟು ಬರಿ ಬೆರಳು ಆಡಿಸಿದಳು. ಆಮೇಲೆ ಟೋಪಿಯನ್ನು ಹಲಗೆಯ ಮೇಲಿಟ್ಟು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಐದು ದಿನ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ನಿಮ್ಮನ್ನೂ ನನ್ನನ್ನೂ ಎಷ್ಟು ಬೈದುಕೊಂಡೆನೋ ಲೆಕ್ಕವಿಲ್ಲ.

ಹದಿಮೂರರ ಸಂಜೆ ನೀಲಿ ಡಬ್ಬಿ ತಂದೆ. ಗೇಟಿಗೆ, ಸರಳಿಗೆ ಹಚ್ಚಿದೆ. ಟೋಪಿಗೆ ಹಚ್ಚಲು ಅವ್ವನನ್ನು ಕರೆದೆ. ಅವಳು ಬಂದು ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡು, "ಕುಂದ್ರು" ಎಂದಳು. ನನ್ನ ಬೆರಳು ಹಿಡಿದು ಆ ಗೀರಿನ ಮೇಲಿಟ್ಟಳು.

"ಓದು. ನೀ ಸಾಲಿ ಕಲಸಾಕಿ."

ಮಾಯಾ ಎಂದೆ.

"ನನಗ ಓದಾಕ ಬರೋ ಅಕ್ಷರ ಇವೆರಡೇ" ಎಂದಳು. "ನಿಮ್ಮಪ್ಪನೇ ಹೀಂಗ ಬೆರಳ ಹಿಡದು ಕಲಸ್ಯಾನ. ನಿನ್ನ ಅಕ್ಕ ಅಕಿ."

ಕಾಕಾ, ನಾನು ಐವತ್ತೊಂದು ವರ್ಷದಿಂದ ಈ ಮನೆಗೆ ಹಿರಿಯ ಮಗಳು ಎಂದುಕೊಂಡಿದ್ದೆ.

ಎಪ್ಪತ್ತೊಂದರ ಫೆಬ್ರುವರಿಯಲ್ಲಿ ಮಾಯಾ ಹುಟ್ಟಿದಳಂತೆ. ಅಜ್ಜ ಯಾರ ಕೈಯಲ್ಲೋ ಪತ್ರ ಬರೆಸಿ ಅಪ್ಪನಿಗೆ ಹೆಸರು ತಿಳಿಸಿದ. ಅಪ್ಪ ಅದನ್ನು ಟೋಪಿಯ ಮೇಲೆ ಕೆತ್ತಿಕೊಂಡು ಯುದ್ಧಕ್ಕೆ ಹೋದರು. ಮರುವರ್ಷ ಜನವರಿಯಲ್ಲಿ ಎರಡು ದಿನದ ಜ್ವರಕ್ಕೆ ಮಗು ಹೋಯಿತು. ಹನ್ನೊಂದು ತಿಂಗಳಾಗಿತ್ತು. ಗಡಿಯಲ್ಲಿರುವವನಿಗೆ ಕೆಟ್ಟ ಸುದ್ದಿ ಬರೆಯಬಾರದು ಎಂದು ಅಜ್ಜ ಮನೆಯವರಿಂದೆಲ್ಲ ಆಣೆ ಮಾಡಿಸಿಕೊಂಡ. ಎಲ್ಲರೂ ಕ್ಷೇಮ ಎಂದೇ ಪತ್ರಗಳು ಹೋದವು. ಮಗಳು ನಡೆಯುತ್ತಾಳೆಯೇ ಎಂದು ಅಪ್ಪ ಕೇಳಿದರೆ, ನಡೆಯುತ್ತಾಳೆ ಎಂದು ಬರೆಸಿದರು.

ಜೂನ್‌ನಲ್ಲಿ ಅಪ್ಪ ಸೈನ್ಯ ಬಿಟ್ಟು ಭಾಲ್ಕಿ ಸ್ಟೇಶನ್ನಿಗೆ ಬಂದಿಳಿದರು. ಟೋಪಿ ಕಳೆದುಹೋಯಿತು ಎಂದು ಬರೆದುಕೊಟ್ಟು, ದಂಡ ಕಟ್ಟಿ, ಪೆಟ್ಟಿಗೆಯಲ್ಲಿ ಮುಚ್ಚಿ ತಂದಿದ್ದರು. ಮಗಳ ಹೆಸರು ಇರುವುದನ್ನು ಗೋದಾಮಿಗೆ ಹೇಗೆ ಮರಳಿ ಕೊಡಲಿ ಎಂದಿದ್ದರಂತೆ. ಪ್ಲಾಟ್‌ಫಾರ್ಮಿನಲ್ಲಿಯೇ ಪೆಟ್ಟಿಗೆ ತೆರೆದು, ಅವ್ವನ ಬೆರಳು ಹಿಡಿದು, "ನೋಡು, ಇದು ಮಾ, ಇದು ಯಾ. ಎಲ್ಲಿ ಅಕಿ? ಮನ್ಯಾಗ ಬಿಟ್ಟು ಬಂದಿ ಏನು?" ಎಂದರು. ಅವ್ವ ಮನೆಗೆ ಬರುವ ತನಕ ಬಾಯಿ ಬಿಡಲಿಲ್ಲ.

"ವರ್ಷ ಆಗಾಕ ಬಂತು, ನಿಮ್ಮಪ್ಪ ಅದನ್ನ ಮುಂದ ಇಟಗೊಂಡು ಕುಂದ್ರತಿದ್ದ. ಉಣ್ಣವಲ್ಲ, ಮಾತಾಡವಲ್ಲ. ಜಯಂತಿಗಿ ಝಂಡಾದ ಕಟ್ಟಿಗಿ ಹಚ್ಚಿದ ನೀಲಿ ಉಳದಿತ್ತು. ಅಂವ ಹೊರಗ ಹೋದಾಗ ನಾನೇ ಬಳದೆ. ಬಂದು ಹೊಡೀತಾನ ಅಂತ ತಿಳದಿದ್ದೆ. ನಿಂತು ನೋಡದ. ನನ್ನ ಕೈಯಾಗಿನ ಕುಂಚ ಇಸಗೊಂಡು, ನಾ ಬಿಟ್ಟ ಕಡೀಗಿ ತಾನೂ ಹಚ್ಚದ. ಅವತ್ತ ನನ್ನ ಕೈಲೆ ರೊಟ್ಟಿ ಬೇಡಿ ಉಂಡ. ಮುಂದ ಆ ಹೆಸರು ಅಂವನೂ ತಗೀಲಿಲ್ಲ, ನಾನೂ ತಗೀಲಿಲ್ಲ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ವಲ್ಪ ಜಗಳದ ದನಿಯಲ್ಲಿಯೇ ಕೇಳಿದೆ.

"ಹೇಳಿದ್ರ ನೀ ಎರಡನೇಯಾಕಿ ಆಗ್ತಿದ್ದಿ. ಹೋದಾಕೀ ಜಾಗಾಕ ಬಂದಾಕಿ ಅಂತಿದ್ರು ಮಂದಿ. ನಿಮ್ಮಪ್ಪಗ ಅದು ಬ್ಯಾಡಾಗಿತ್ತು" ಎಂದಳು.

ನಾವಿಬ್ಬರೂ ಅಪ್ಪನ ಮೇಲೆ ಏನೇನು ಅಂದುಕೊಂಡೆವು, ಕಾಕಾ. ಆ ರಾತ್ರಿ ಅವರ ಫೋಟೊ ಮುಂದೆ ನಿಂತು ತಪ್ಪಾಯಿತು ಎಂದೆ. ನಿಮ್ಮ ಪರವಾಗಿಯೂ ಹೇಳಿದ್ದೇನೆ.

ಬ್ರಷ್ಷನ್ನು ಅವ್ವನ ಕೈಗೆ ಕೊಟ್ಟಾಗ ಅವಳು ಬೇಡ ಎಂದಳು. "ಈ ವರ್ಷದ್ದು ಅವರು ಹಚ್ಯಾರಲ್ಲ, ಆ ಬೀದರದವರು. ಛಲೋ ಹಚ್ಯಾರ. ತೆಳ್ಳಗ ಅದ, ಕೈಗಿ ಸಿಗ್ತಾಳ. ಇನ್ನ ಮ್ಯಾಲ ಹಚ್ಚೂದು ಬ್ಯಾಡ." ಐವತ್ನಾಲ್ಕನೆಯ ಕೋಟು ನಿಮ್ಮದೆಂದು ಬರೆದಿಟ್ಟುಕೊಳ್ಳಿ. ಕೊನೆಯದೂ ಅದೇ.

ಮರುದಿನ ಜಯಂತಿ. ಮೆರವಣಿಗೆ ಮುಗಿಸಿಕೊಂಡು ಉತ್ತಮ, ಅವನ ಹೆಂಡತಿ, ಮಗಳು ಎಲ್ಲರೂ ಊಟಕ್ಕೆ ಬಂದರು. ಅವರಿಗೂ ಅವ್ವನೇ ಹೇಳಿದಳು, ಎರಡೇ ಮಾತಿನಲ್ಲಿ. ಉತ್ತಮ ಟೋಪಿ ಎತ್ತಿಕೊಂಡು ಆ ಗೀರನ್ನು ಬೆರಳಿನಿಂದ ತಡವಿದ. ಆಮೇಲೆ ಅವ್ವ ಖೀರಿನ ಪಾತ್ರೆ ಮುಂದಿಟ್ಟುಕೊಂಡಳು. ನಮ್ಮ ಮನೆಯಲ್ಲಿ ಬಡಿಸುವುದು ವಯಸ್ಸಿನ ಪ್ರಕಾರ, ಮಕ್ಕಳಲ್ಲಿ ಮೊದಲ ಬಟ್ಟಲು ನನ್ನದು. ಬುದ್ಧಿ ಬಂದಾಗಿನಿಂದ ಅದು ತಪ್ಪಿಲ್ಲ. ನಾನು ರೂಢಿಯಂತೆ ಕೈ ಚಾಚಿದೆ. ಅವ್ವ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ತಡಿ. ದೊಡ್ಡಾಕಿಗಿ ಮೊದಲ."

ಬಟ್ಟಲು ತುಂಬಿ ಹಲಗೆಯ ಮೇಲೆ ಟೋಪಿಯ ಮುಂದಿಟ್ಟಳು. ಮಗುವಿಗೆ ಬಿಸಿ ಹತ್ತಬಾರದು ಎಂದು, ಇಡುವ ಮೊದಲು ಊದಿ ಆರಿಸಿದಳು.

ನಿಮ್ಮ
ಆಮ್ರಪಾಲಿ